ಮೂಡಲ ಮೂಲೆಯ ಉಪ್ಪು

ಅವತ್ತು ಹೊಲಕ್ಕೆ ದಾಸಣ್ಣನ ಕುರಿ ಬರುವುದಿತ್ತು. ಓಬಯ್ಯ ಬೆಳಗ್ಗೆಯಿಂದ ಒಂದು ಕಡೆ ಕೂರಲಿಲ್ಲ. ಊರ ಮುಂದಕ್ಕೆ ಹೋಗುವುದು, ಗುಡ್ಡದ ಕಡೆ ಧೂಳು ಎದ್ದಿದೆಯಾ ಅಂತ ನೋಡುವುದು, ವಾಪಸ್ಸು ಬರುವುದು. ನೆಂಟರು ಬಂದಾಗಲೂ ಇಷ್ಟು ಸಲ ಎದ್ದು ನೋಡಿದ್ದು ಕಾಣೆ ಅಂತ ಹೆಂಡತಿ ಕರಿಯಕ್ಕ ಅಂದಳು. ನೆಂಟರು ಉಂಡು ಹೋಗೋರು, ಕುರಿ ಇಕ್ಕಿ ಹೋಗ್ತವೆ, ಎರಡೂ ಒಂದೇನಾ ಅಂತ ಅವನು ಕೇಳಿದ.

ಊರು ಹುಣಸೆಹಟ್ಟಿ. ಕೊಡಿಗೇನಹಳ್ಳಿಗೆ ನಡೆದು ಹೋಗುವಷ್ಟು ದೂರ. ಎಪ್ಪತ್ತೆಂಟನೇ ಇಸವಿ. ರಾಗಿ ಒಕ್ಕಣೆ ಮುಗಿದು ಹೊಲಗಳೆಲ್ಲ ಬೋಳಾಗಿದ್ದವು. ದಾಸಣ್ಣ ಪಾವಗಡ ಕಡೆಯ ಗೊಲ್ಲರ ಹಟ್ಟಿಯವನು. ಪ್ರತಿ ವರ್ಷ ಆ ಕಾಲಕ್ಕೆ ಮಂದೆ ಹೊಡೆದುಕೊಂಡು ಬರುತ್ತಿದ್ದ. ಹಗಲು ಗುಡ್ಡದಲ್ಲಿ ಮೇಯಿಸಿ, ರಾತ್ರಿ ಕರೆದವರ ಹೊಲದಲ್ಲಿ ಕುರಿ ತರುಬುತ್ತಿದ್ದ. ಕುರಿ ಮಲಗಿದ ಜಾಗಕ್ಕೆ ಹಿಕ್ಕೆ ಬೀಳುತ್ತಿತ್ತು, ಗಂಜಲ ಬೀಳುತ್ತಿತ್ತು. ಹೊಲಕ್ಕೆ ಅದೇ ಗೊಬ್ಬರ. ಹೊಲದವರು ಅವನಿಗೆ ರಾಗಿ ಕೊಡುತ್ತಿದ್ದರು, ಇದ್ದಷ್ಟು ದಿನ ಮುದ್ದೆ ಹಾಕುತ್ತಿದ್ದರು.

ಹೊತ್ತು ಇಳಿದ ಮೇಲೆ ಮಂದೆ ಬಂತು. ಓಬಯ್ಯ ಕುರಿಗಳ ಹಿಂದೆ ಓಡಾಡಿದ. ಇತ್ಲಾಗೆ ಬನ್ನಿ, ಅತ್ಲಾಗೆ ಹೋಗಿ ಅಂತ ಅವುಗಳ ಹತ್ತಿರ ಮಾತಾಡಿದ. ದಾಸಣ್ಣ ಕಂಬಳಿ ಹಾಸಿಕೊಂಡು ಕೂತು ನಗುತ್ತಿದ್ದ.

“ನೀನು ಇಂಗೆ ಹಿಂದೆ ಹಿಂದೆ ಬಂದ್ರೆ ನನ್ ಕುರಿಗೆ ನಾಚ್ಕೆ ಆಗ್ತೈತೆ ಓಬಣ್ಣ. ಬರೋದೂ ಬರಲ್ಲ.”

“ಲೇ ದಾಸ, ಗುಡ್ಡದ ಹುಲ್ಲು ಗುಡ್ಡದಾಗೇ ಒಣಗಿ ಹೋಗ್ತಿತ್ತು. ನಿನ್ ಕುರಿ ಹೊಟ್ಟೇಲಿ ಇಟ್ಕಂಡು ನಮ್ ಹೊಲಕ್ಕೆ ತಂದು ಹಾಕ್ತವೆ. ಗಾಡಿ ಬಾಡಿಗೆ ಇಲ್ಲ, ಏನಿಲ್ಲ. ಹಿಂದೆ ಹೋಗದೆ ಮುಂದೆ ಹೋಗ್ಲಾ?”

ಊರಲ್ಲಿ ಅವನನ್ನು ತಿಪ್ಪೆ ಓಬಯ್ಯ ಅಂತಲೇ ಕರೆಯುತ್ತಿದ್ದರು. ಅವನಿಗೆ ಸಿಟ್ಟಿಲ್ಲ. ಮನೆ ಹಿಂದೆ ಅವನದೊಂದು ತಿಪ್ಪೆಗುಂಡಿ. ಒಲೆಯ ಬೂದಿ, ಕೊಟ್ಟಿಗೆಯ ಕಸ, ಕಡ್ಲೆಕಾಯಿ ಸಿಪ್ಪೆ, ಮುಸುರೆ ನೀರು, ಉದುರಿದ ಎಲೆ, ಹಳೆಯ ಕಂಬಳಿ ಚೂರು, ಏನೇ ಇರಲಿ, ಅಲ್ಲಿಗೆ ಹೋಗಬೇಕು. ಬೇಸಿಗೆಯಲ್ಲಿ ಕೆರೆ ಒಣಗಿದರೆ ತಳದ ಗೋಡು ಮಣ್ಣನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದ. ಮಳೆ ಬಂದಾಗ ನಮ್ಮ ಹೊಲದ ಮಣ್ಣೇ ಕೊಚ್ಚಿಕೊಂಡು ಕೆರೆಗೆ ಹೋಗಿರುತ್ತದೆ, ಅದನ್ನು ಮನೆಗೆ ಕರಕೊಂಡು ಬರೋದು ಬೇಡವಾ ಅನ್ನುತ್ತಿದ್ದ, ತವರಿಗೆ ಹೋದ ಹೆಂಗಸಿನ ಮಾತಾಡುವ ಹಾಗೆ. ಕಡ್ಲೆಕಾಯಿ ತುಂಬಿದ ಲಾರಿ ಹಿಂದೂಪುರದ ಎಣ್ಣೆ ಗಾಣಕ್ಕೆ ಹೋಗುವುದು ಕಂಡರೆ ಅವನಿಗೆ ಹೊಟ್ಟೆ ಉರಿ. ನೆಲದ ಸಾರ ಹೋಯ್ತು ನೋಡು, ವಾಪಸ್ಸು ಏನು ಬರುತ್ತೆ, ಬರೀ ಧೂಳು ಅನ್ನುತ್ತಿದ್ದ.

ಸಂತೆಗೆ ಅಂತ ಮಧುಗಿರಿಗೆ ಹೋದರೂ ಅಲ್ಲಿ ಒಂದಕ್ಕೆ ಹೋಗುತ್ತಿರಲಿಲ್ಲ. ತಡೆದುಕೊಂಡು ಬಸ್ಸಲ್ಲಿ ಬಂದು, ತನ್ನ ಹೊಲದ ಬದಿಗೆ ಓಡುತ್ತಿದ್ದ. ಮಂದಿ ಬಿದ್ದು ಬಿದ್ದು ನಗುತ್ತಿದ್ದರು. ಮಧುಗಿರಿಯೋರಿಗೆ ಯಾಕೆ ಬಿಟ್ಟಿ ಕೊಡಲಿ ಅನ್ನುತ್ತಿದ್ದ ಅವನು.

ಕರಿಯಕ್ಕನಿಗೆ ನಗು ಬರುತ್ತಿರಲಿಲ್ಲ. ಅವನ ದೆಸೆಯಿಂದ ಅವಳಿಗೆ ಕಷ್ಟ ಇತ್ತು. ಊರ ಹೆಂಗಸರೆಲ್ಲ ಬೆರಣಿ ತಟ್ಟಿ ಒಲೆಗೆ ಹಾಕುತ್ತಿದ್ದರು. ಇವನು ಒಂದು ಬೆರಣಿಯನ್ನೂ ತಟ್ಟಲು ಬಿಡುತ್ತಿರಲಿಲ್ಲ. ಸಗಣಿ ಹೊಲದ್ದು ಅನ್ನುತ್ತಿದ್ದ. ಅವಳು ಒಲೆಗೆ ಒಣ ಪುಳ್ಳೆ ಆರಿಸಲು ಗುಡ್ಡ ಹತ್ತಬೇಕು. ಮುಳ್ಳು ಚುಚ್ಚಿದ ಕಾಲು ತೋರಿಸಿ ಎಷ್ಟೋ ಸಲ ಜಗಳ ಆಡಿದ್ದಳು. ಅವನು ಮುಳ್ಳು ತೆಗೆದು ಕೊಡುತ್ತಿದ್ದ. ಸಗಣಿ ಕೊಡುತ್ತಿರಲಿಲ್ಲ.

ಅವರಿಗೆ ಎರಡು ಕೂಸು ಹುಟ್ಟಿದ್ದವು. ಎರಡೂ ಉಳಿಯಲಿಲ್ಲ. ಹೊಲದ ಬದುವಿನ ಹೊಂಗೆ ಮರದ ಬುಡದಲ್ಲಿ ಮಣ್ಣು ಮಾಡಿದ್ದರು. ಆ ಮರ ಆಮೇಲೆ ದಟ್ಟವಾಗಿ ಬೆಳೆಯಿತು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೊಂಗೆ ಸೊಪ್ಪು ಕಡಿದು ಹೊಲಕ್ಕೆ ಹಾಕುವುದು ರೂಢಿ. ಓಬಯ್ಯ ಮೊದಲ ಸಲ ಆ ಮರಕ್ಕೆ ಕೈ ಹಾಕಿದಾಗ ಕರಿಯಕ್ಕ ಕೊಂಬೆ ಹಿಡಿದುಕೊಂಡು ಅತ್ತಿದ್ದಳು. ಅವನು ಕುಡುಗೋಲು ಕೆಳಗೆ ಇಟ್ಟು ಅವಳ ಪಕ್ಕ ಕೂತ.

“ಅವೂ ಹೊಲದಾಗೆ ಓಡಾಡ್ಲಿ ಬುಡೇ. ಮರದಾಗೇ ಎಷ್ಟು ದಿನ ಕುಂತಿರ್ತವೆ.”

ಅವಳು ಕೊಂಬೆ ಬಿಟ್ಟಳು. ಆ ವರ್ಷದ ರಾಗಿ ಉಣ್ಣುವಾಗ ಮೊದಲ ತುತ್ತು ಕಷ್ಟ ಆಯಿತು. ಆಮೇಲೆ ಅದೇ ಒಂದು ಸಮಾಧಾನ ಆಯಿತು. ಕೂಸುಗಳು ಎಲ್ಲೂ ಹೋಗಿಲ್ಲ, ಹೊಲ ಮನೆ ಅಂತ ಓಡಾಡಿಕೊಂಡಿವೆ ಅಂತ ಅವಳು ನಂಬಿದಳು. ಯಾರಿಗೂ ಹೇಳಲಿಲ್ಲ.

ಕುರಿ ಬಂದ ಆ ಸಂಜೆ ಕರಿಯಕ್ಕ ಮುದ್ದೆ, ಹುರುಳಿ ಸಾರು ಹೊತ್ತುಕೊಂಡು ಹೊಲಕ್ಕೆ ಹೋದಳು. ಓಬಯ್ಯ ಮೂಡಲ ಮೂಲೆಯಲ್ಲಿ ನಿಂತಿದ್ದ. ಆ ಮೂಲೆ ಇಳಿಜಾರು. ಮಳೆ ನೀರು ಮೇಲಿನ ಮಣ್ಣನ್ನೆಲ್ಲ ತೊಳೆದುಕೊಂಡು ಹೋಗಿ ಬರೀ ಗರಸು ಉಳಿದಿತ್ತು. ಅಲ್ಲಿ ರಾಗಿ ಯಾವತ್ತೂ ಗೇಣುದ್ದ ಬಂದು ಹಳದಿ ತಿರುಗುತ್ತಿತ್ತು. ಅವನು ಕುರಿಗಳನ್ನು ಅಲ್ಲಿಗೆ ಅಟ್ಟಿದರೆ, ಗರಸು ಚುಚ್ಚಿ ಅವು ಎದ್ದು ಬೇರೆ ಕಡೆ ಹೋಗಿ ಮಲಗುತ್ತಿದ್ದವು. ಅವನು ಮತ್ತೆ ಅಟ್ಟಿದ. ಅವು ಮತ್ತೆ ಹೋದವು.

“ಈ ಮೂಲೆಗೆ ನಾನೇ ಬಂದು ಮಲಗಬೇಕೇನೋ” ಅಂದ. ಆಮೇಲೆ ಊಟಕ್ಕೆ ಕೂತು, ಮುದ್ದೆ ಮುರಿಯುತ್ತಾ ಹೇಳಿದ: “ನಾನು ಹೋದ್ರೆ ಅಲ್ಲೇ ಹಾಕ್ರಿ. ಗುಡ್ಡೆ ಎತ್ತಬ್ಯಾಡ್ರಿ, ಕಲ್ಲು ನೆಡಬ್ಯಾಡ್ರಿ. ಮಟ್ಟ ಮಾಡಿ ಉತ್ತು ರಾಗಿ ಚೆಲ್ಲಿ. ಎಂಗೆ ಕರ್ರಗೆ ಬರ್ತೈತೆ ನೋಡ್ರಿ ಪೈರು.”

“ನಿನ್ ಮೈಯಾಗೆ ಏನೈತೆ ಅಂತ. ಬರೀ ಮೂಳೆ” ಅಂದಳು ಕರಿಯಕ್ಕ.

“ಮೂಳೆಗೇ ಕಣೇ ಬೆಲೆ. ಮೂಳೆ ಆಯೋರು ಚೀಲ ಹೊತ್ಕಂಡು ಊರೂರು ಸುತ್ತಲ್ವಾ?”

ದಾಸಣ್ಣ ಸಾರು ನೆತ್ತಿಗೆ ಹತ್ತಿ ಕೆಮ್ಮಿದ. ಮೂವರೂ ನಕ್ಕರು. ಆಮೇಲೆ ಕತ್ತಲಾಯಿತು, ಗಂಡ ಹೆಂಡತಿ ಮನೆಗೆ ಬಂದರು.

ಮಾರನೆ ಬೆಳಗ್ಗೆ ಅವನು ಬುಟ್ಟಿ ತಗೊಂಡು ತಿಪ್ಪೆಗೆ ಹೋದ. ಕುರಿ ಮಲಗದ ಮೂಲೆಗೆ ತಾನೇ ಗೊಬ್ಬರ ಹೊರುತ್ತೇನೆ ಅಂದ. ಗುದ್ದಲಿ ಹೊಲದಲ್ಲೇ ಉಳಿದಿತ್ತು. ಕೈಯಲ್ಲೇ ಬಾಚಿದ. ಚಳಿಗೆ ತಿಪ್ಪೆಯ ಬಿಸಿಯಲ್ಲಿ ಒಂದು ಕೊಳಕುಮಂಡಲ ಸೇರಿಕೊಂಡಿತ್ತು. ಬೆರಳಿಗೆ ಕಚ್ಚಿತು.

ಅವನು ಕೂಗಲಿಲ್ಲ. ನಡೆದುಕೊಂಡು ಒಳಗೆ ಬಂದು, ಕೈ ಹಿಡಿದು ತೋರಿಸಿದ. ಕರಿಯಕ್ಕ ಸೀರೆ ಅಂಚು ಹರಿದು ಕಟ್ಟಿದಳು. ಪಕ್ಕದ ಮನೆಯ ಕೆಂಪಯ್ಯ ಗಾಡಿ ಕಟ್ಟಿದ. ಜನ ಬಡಿಗೆ ತಗೊಂಡು ತಿಪ್ಪೆ ಕಡೆ ಓಡಿದರೆ, ಬೇಡ, ಅದು ಬೆಚ್ಚಗೆ ಮಲಗಿತ್ತು, ನಾನೇ ಕೈ ಹಾಕಿದೆ ಅಂತ ಓಬಯ್ಯ ಗಾಡಿಯಲ್ಲಿ ಕೂತು ಹೇಳಿದ. ಕೊಡಿಗೇನಹಳ್ಳಿಯಲ್ಲಿ ಬಸ್ಸಿಗೆ ಕಾದರು. ಬಸ್ಸು ಬಂತು. ಅಷ್ಟೊತ್ತಿಗೆ ಕೈ ಮೊಣಕೈವರೆಗೂ ಊದಿ ಕಪ್ಪಾಗಿತ್ತು, ವಸಡಿನಲ್ಲಿ ರಕ್ತ ಬರುತ್ತಿತ್ತು. ಮಧುಗಿರಿ ಆಸ್ಪತ್ರೆಯಲ್ಲಿ ಸೂಜಿ ಹಾಕಿದರು. ಸಂಜೆಗೆ ಜೀವ ಹೋಯಿತು.

ಹೆಣ ತರಲು ಬಸ್ಸಿನವರು ಒಪ್ಪಲಿಲ್ಲ. ಹಿಂದೂಪುರಕ್ಕೆ ಕಡ್ಲೆಕಾಯಿ ಹೊತ್ತು ಹೋಗುವ ಲಾರಿ ಒಂದು ಸಿಕ್ಕಿತು. ಮೂಟೆಗಳ ಮೇಲೆ ಮಲಗಿಸಿದರು. ಕರಿಯಕ್ಕ ಪಕ್ಕದಲ್ಲಿ ಕೂತು ಬಂದಳು. ಅವನು ದಿನಾ ಬೈಯುತ್ತಿದ್ದ ಲಾರಿ. ಅವಳಿಗೆ ಅದು ಹೊಳೆಯಿತು. ಆದರೆ ಹೇಳೋಣ ಅಂದರೆ ಅವನು ಇರಲಿಲ್ಲ.

ಊರ ಹಿರಿಯರು ಎಲ್ಲರನ್ನೂ ಹೂಳುವ ಗೋಮಾಳಕ್ಕೆ ಹೋಗೋಣ ಅಂದರು. ಕರಿಯಕ್ಕ ಬಾಗಿಲಲ್ಲಿ ಅಡ್ಡ ನಿಂತಳು. ಮೂಡಲ ಮೂಲೆ ಅಂದಳು. ದಾಸಣ್ಣ ಮುಂದೆ ಬಂದು, ಓಬಣ್ಣ ನನ್ನ ಮುಂದೆಯೇ ಹೇಳಿದ್ದ ಅಂತ ಸಾಕ್ಷಿ ಹೇಳಿದ. ಹಿರಿಯರು ಒಪ್ಪಿದರು.

ಗರಸು ನೆಲ ಅಗೆಯಲು ಕಷ್ಟ ಆಯಿತು. ಗುಂಡಿ ಆಳ ಬರಲಿಲ್ಲ. ಹೆಣದ ಜೊತೆ ಉಪ್ಪು ಹಾಕುವುದು ಆ ಕಡೆ ಪದ್ಧತಿ. ಮೈ ಬೇಗ ಕರಗಲಿ, ನರಿ ನಾಯಿ ಕೆದಕದಿರಲಿ ಅಂತ. ಒಂದೊಂದು ಮನೆಯವರು ಒಂದೊಂದು ಹಿಡಿ ಹಾಕುತ್ತಾರೆ. ಹಾಕಿದರು. ದಾಸಣ್ಣ ಮಾತ್ರ ತನ್ನ ಬಿಡಾರದಿಂದ ಒಂದು ಮೂಟೆ ಹೊತ್ತುಕೊಂಡು ಬಂದ. ಕುರಿಗೆ ನೆಕ್ಕಿಸಲು ಇಟ್ಟುಕೊಂಡ ಕಲ್ಲುಪ್ಪು, ಬೇಸಿಗೆ ಪೂರ್ತಿಗೆ ಬೇಕಾದದ್ದು. ಅವನ ಅಪ್ಪ ಹಿಂದೆ ಕುರಿ ಕಾಯುತ್ತಾ ಅಡವಿಯಲ್ಲಿ ಸತ್ತಿದ್ದ. ಅಲ್ಲೇ ಮಣ್ಣು ಮಾಡಿ, ಮೂರನೇ ದಿನ ಗುಂಡಿಗೆ ಹಾಲು ಬಿಡಲು ಹೋದರೆ ನರಿ ಹೆಣ ಎಳೆದು ಹಾಕಿತ್ತು. ಅವನು ಅದನ್ನು ಮರೆತಿರಲಿಲ್ಲ. ಓಬಣ್ಣನಿಗೆ ಹಂಗಾಗಬಾರದು ಅಂದ. ಅರ್ಧ ಮೂಟೆ ಹೆಣದ ಮೇಲೆ ಸುರಿದ. ಮಣ್ಣು ಎಳೆದ ಮೇಲೆ ಉಳಿದ ಅರ್ಧವನ್ನು ಮೇಲೆ ಹರಡಿ, ಜಾಲಿ ಮುಳ್ಳು ಹೊದಿಸಿದ.

ಕರಿಯಕ್ಕ ನೋಡುತ್ತಿದ್ದಳು. ಇವನಿಗೆ ನನ್ನ ಗಂಡನ ಮೇಲೆ ಎಷ್ಟು ಅಕ್ಕರೆ ಅಂತ ಅಂದುಕೊಂಡಳು. ಅವಳಿಗೆ ಬೇರೆ ಏನೂ ಹೊಳೆಯಲಿಲ್ಲ. ಯಾರಿಗೂ ಹೊಳೆಯಲಿಲ್ಲ.

ಮುಂಗಾರು ಬಂತು. ಕೆಂಪಯ್ಯ ತನ್ನ ಎತ್ತು ಹೊಡೆದುಕೊಂಡು ಬಂದು ಅವಳ ಹೊಲ ಉತ್ತುಕೊಟ್ಟ. ಮೂಡಲ ಮೂಲೆಗೆ ಬಂದಾಗ ನೇಗಿಲು ಎತ್ತಿಬಿಟ್ಟ. ತಿಂಗಳುಗಟ್ಟಲೆ ಜೊತೆಗೆ ಗಾಡಿ ಹೊಡೆದವನ ಎದೆ ಮೇಲೆ ಹೆಂಗಮ್ಮ ಉಳಲಿ ಅಂದ. ಕರಿಯಕ್ಕ ಮುಳ್ಳು ತೆಗೆದು, ತಾನೇ ಗುದ್ದಲಿ ಹಿಡಿದು ಮಟ್ಟ ಮಾಡಿದಳು. ಅವನು ಹೇಳಿದ ಹಾಗೇ ಮಾಡಿದಳು. ಗುಡ್ಡೆ ಎತ್ತಲಿಲ್ಲ, ಕಲ್ಲು ನೆಡಲಿಲ್ಲ. ಮಡಿಲಲ್ಲಿ ರಾಗಿ ಕಟ್ಟಿಕೊಂಡು ಹೋಗಿ ಕೈಯಲ್ಲಿ ಚೆಲ್ಲಿದಳು.

ಹೊಲವೆಲ್ಲ ಮೊಳೆಯಿತು. ಮೂಲೆ ಮೊಳೆಯಲಿಲ್ಲ.

ಮಳೆ ಕಮ್ಮಿ ಆಯಿತೇನೋ ಅಂತ ಕಾದಳು. ಇನ್ನೊಂದು ಸಲ ಚೆಲ್ಲಿದಳು. ನಾಲ್ಕು ಎಲೆ ಎದ್ದು, ತುದಿ ಸುಟ್ಟುಕೊಂಡು, ಮಲಗಿಬಿಟ್ಟವು. ಬಿಸಿಲು ಬಿದ್ದ ದಿನ ಆ ಮಣ್ಣಿನ ಮೇಲೆ ಹಾಲಿನ ಕೆನೆ ಕಟ್ಟಿದ ಹಾಗೆ ಬೆಳ್ಳಗೆ ಆಗುತ್ತಿತ್ತು. ಗರಸು ನೆಲ, ಅದರ ಬಣ್ಣವೇ ಹಂಗೆ ಅಂದುಕೊಂಡಳು. ಸುತ್ತ ಕುರಿ ಮಲಗಿದ್ದ ನೆಲದಲ್ಲಿ ಪೈರು ಮೊಣಕಾಲು ದಾಟಿ ಕರ್ರಗೆ ನಿಂತಿತು. ನಡುವೆ ಅವನು ಮಲಗಿದ ಜಾಗ ಬೋಳು. ಪಕ್ಕದ ಹಳೆಯ ಗರಸಿನಲ್ಲಾದರೂ ಗೇಣುದ್ದದ ಹಳದಿ ಪೈರು ಇತ್ತು. ಇಲ್ಲಿ ಅದೂ ಇಲ್ಲ.

ಊರು ಸುಮ್ಮನಿರುತ್ತದಾ. ಹಾವಿನ ವಿಷ ಕುಡಿದ ಮೈ ಅಲ್ಲವಾ, ಅಲ್ಲಿ ಹುಲ್ಲು ಸಹ ಹುಟ್ಟಲ್ಲ ಅಂತ ಕೆಲವರು ಅಂದರು. ಚಿಕ್ಕಹನುಮಕ್ಕ ಅಂತ ಅವಳ ಓರಗಿತ್ತಿ. ಅವಳು ನೇರವಾಗಿಯೇ ಬಂದು ಹೇಳಿದಳು.

“ಅವನಿಗೆ ಏನೋ ಆಸೆ ಉಳ್ಕಂಡೈತೆ ಕಣಮ್ಮ. ಮಣ್ಣು ಹಿಡ್ಕಂಡು ಕುಂತವ್ನೆ. ಒಂದು ಕೋಳಿ ಕುಯ್ಯಿ.”

ಕರಿಯಕ್ಕ ಕೋಳಿ ಕುಯ್ಯಿಸಿದಳು. ರಕ್ತ ಬಿಟ್ಟಳು. ಎಡೆ ಇಟ್ಟಳು. ಏನೂ ಆಗಲಿಲ್ಲ. ಗೊಬ್ಬರ ಹೊತ್ತು ಹಾಕಿದಳು. ಏನೂ ಆಗಲಿಲ್ಲ.

ಆ ವರ್ಷದಂಥ ರಾಗಿ ಆ ಹೊಲದಲ್ಲಿ ಯಾವತ್ತೂ ಬಂದಿರಲಿಲ್ಲ. ನಿನ್ನ ಗಂಡ ಹೋದರೂ ಕೈ ಬಿಟ್ಟಿಲ್ಲ ನೋಡು ಅಂತ ಜನ ಹೇಳಿದರು. ಅವಳು ಮನೆಯಲ್ಲಿ ಒಬ್ಬಳೇ ಕೂತು ಮುದ್ದೆ ಮುರಿದಳು. ಇದರಲ್ಲಿ ಕೂಸುಗಳು ಇವೆ ಅಂತ ಅವಳಿಗೆ ಗೊತ್ತಿತ್ತು. ಹೊಂಗೆ ಸೊಪ್ಪನ್ನು ಈ ಸಲ ಅವಳೇ ಕಡಿದು ಹಾಕಿದ್ದಳು. ಗುಡ್ಡದ ಹುಲ್ಲು ಇತ್ತು, ಕೆರೆಯ ಗೋಡು ಇತ್ತು, ದಾಸಣ್ಣನ ಕುರಿ ಇತ್ತು. ಅವನು ಹೊತ್ತು ತಂದದ್ದೆಲ್ಲ ಇತ್ತು. ಅವನೊಬ್ಬ ಇರಲಿಲ್ಲ. ಎಲ್ಲವನ್ನೂ ಮನೆಗೆ ಕರಕೊಂಡು ಬರುತ್ತೇನೆ ಅಂದವನು ತಾನು ಮಾತ್ರ ಹೊರಗೆ ಉಳಿದ. ಎಲ್ಲ ಬಂದವು, ನೀನು ಯಾಕೆ ಬರಲಿಲ್ಲ ಅಂತ ಬೈದಳು. ಅವನನ್ನು ಬೈದು ಅವಳಿಗೆ ಅಭ್ಯಾಸ ಇತ್ತು. ಉತ್ತರ ಇಲ್ಲದೆ ಬೈದು ಅಭ್ಯಾಸ ಇರಲಿಲ್ಲ.

ಹೊಲ ಮತ್ತೆ ಬೋಳಾಯಿತು. ದಾಸಣ್ಣ ಮತ್ತೆ ಬಂದ. ಮೊದಲು ಮನೆಗೆ ಬಂದು ಬಾಗಿಲಲ್ಲಿ ನಿಂತು, ಕುರಿ ತರುಬಲಾ ಬೇಡವಾ ಅಂತ ಕೇಳಿದ. ತರುಬು ಅಂದಳು. ಮುದ್ದೆ ಬೇಯಿಸಿಕೊಂಡು ಹೊತ್ತು ಇಳಿಯುವಾಗ ಹೊಲಕ್ಕೆ ಹೋದಳು.

ಬದುವಿನ ಮೇಲೆಯೇ ನಿಂತುಬಿಟ್ಟಳು. ಅಷ್ಟು ವರ್ಷ ಎಷ್ಟು ಅಟ್ಟಿದರೂ ಹೋಗದ ಮೂಲೆಗೆ ಕುರಿಗಳು ಹೋಗಿದ್ದವು. ಒಂದರ ಮೇಲೊಂದು ಬಿದ್ದು ಮುತ್ತಿಕೊಂಡಿದ್ದವು. ಮೊಣಕಾಲು ಊರಿ, ತಲೆ ಬಗ್ಗಿಸಿ, ಮಣ್ಣು ನೆಕ್ಕುತ್ತಿದ್ದವು. ನಾಲಿಗೆ ಗರಸಿಗೆ ಉಜ್ಜುವ ಸದ್ದು ಅವಳಿಗೆ ಕೇಳುತ್ತಿತ್ತು. ದಾಸಣ್ಣ ಓಡಿ ಬಂದು ಕೋಲು ಬೀಸಿದ. ಹೆಣದ ಮೇಲೆ ಹೋಗ್ತೀರಾ ಅಂತ ಬೈದ. ಅವು ಏಟು ತಿಂದು ಪಕ್ಕಕ್ಕೆ ಸರಿದು, ಮತ್ತೆ ಬಂದು ಬಾಯಿ ಹಾಕಿದವು.

ಇನ್ನೊಂದು ಏಟಿಗೆ ಎತ್ತಿದ ಕೋಲು ಹಾಗೇ ನಿಂತಿತು. ದಾಸಣ್ಣ ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಗೆ ಇಟ್ಟುಕೊಂಡ. ಅಲ್ಲೇ ಕೂತುಬಿಟ್ಟ.

ಕರಿಯಕ್ಕ ಬುಟ್ಟಿ ಇಳಿಸಿ ಹತ್ತಿರ ಹೋದಳು. ಅವಳೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ಉಪ್ಪು. ಬಿಳೀ ಕೆನೆ ಯಾವುದು ಅಂತ ಆಗ ತಿಳಿಯಿತು. ವಿಷ ಅಲ್ಲ, ಆಸೆ ಅಲ್ಲ, ಸಿಟ್ಟೂ ಅಲ್ಲ. ನರಿ ಬರಬಾರದು ಅಂತ ಸುರಿದದ್ದು. ನರಿ ಬರಲಿಲ್ಲ. ಬೇರೂ ಬರಲಿಲ್ಲ.

“ನಾನೇ ಕಣಕ್ಕ” ಅಂದ ದಾಸಣ್ಣ. ಅವನು ಗಟ್ಟಿ ಆಳು. ಮೂಗು ಸುರಿಸಿಕೊಂಡು ಅಳುತ್ತಿದ್ದ. “ಅವನು ಹೊಲಕ್ಕೆ ಹೋಗ್ತೀನಿ ಅಂದ. ನಾನು ಬಾಗ್ಲು ಹಾಕ್ಬುಟ್ಟೆ.”

ಅವಳಿಗೆ ಅವನನ್ನು ಬೈಯಬೇಕು ಅನ್ನಿಸಿತು. ಅಪ್ಪನನ್ನು ನರಿ ಎಳೆದದ್ದು ನೋಡಿದವನಿಗೆ ಏನಂತ ಬೈಯುವುದು. ಒಂದು ಕುರಿ ಅವಳ ಕಾಲ ಹತ್ತಿರವೇ ನೆಕ್ಕುತ್ತಿತ್ತು. ದಾಸಣ್ಣ ಅದನ್ನು ಹೊಡೆಯಲು ಕೋಲು ಎತ್ತಿದ. ಅವಳು ಕೋಲು ಹಿಡಿದುಕೊಂಡಳು.

“ಹೊಡೀಬ್ಯಾಡ ಬುಡು. ಅವುಗಳ ಉಪ್ಪೇ ಅಲ್ವಾ. ನೆಕ್ಲಿ. ಎಷ್ಟಾದ್ರೂ ತಗಂಡು ಹೋಗ್ಲಿ.”

ಕುರಿಗಳು ಅವತ್ತು ಅಲ್ಲೇ ಮಲಗಿದವು. ಓಬಯ್ಯ ಇದ್ದಾಗ ಒಂದು ದಿನವೂ ಮಲಗದ ಮೂಲೆಯಲ್ಲಿ ಮೈಗೆ ಮೈ ತಾಗಿಸಿ ಮಲಗಿದವು. ನೋಡಿದ್ದರೆ ಅವನು ಕುಣಿಯುತ್ತಿದ್ದ.

ಆಮೇಲೆ ದಾಸಣ್ಣ ಪ್ರತಿ ವರ್ಷ ಮೊದಲು ಆ ಮೂಲೆಗೇ ಕುರಿ ಬಿಡುತ್ತಿದ್ದ. ಅವಳಿಂದ ರಾಗಿ ತಗೊಳ್ಳುವುದು ಬಿಟ್ಟ. ಅವಳೇ ಒಂದಿಷ್ಟು ರಾಗಿ ಅವನ ಕಂಬಳಿಯ ಕೆಳಗೆ ಇಟ್ಟು ಬರುತ್ತಿದ್ದಳು. ಉಪ್ಪು ಮಳೆಗೆ ಕರಗಿ ಕೆಳಗೆ ಇಳಿಯುತ್ತಿತ್ತು, ಬಿಸಿಲಿಗೆ ಮತ್ತೆ ಮೇಲೆ ಬರುತ್ತಿತ್ತು. ನೀರು ಹೆಚ್ಚು ಬಿದ್ದರೆ ಪೂರ್ತಿ ಇಳಿದು ಹೋಗುತ್ತದೆ ಅಂತ ಅವಳಿಗೆ ಅನ್ನಿಸಿತು. ಯಾರೂ ಹೇಳಿಕೊಟ್ಟದ್ದಲ್ಲ. ಉಪ್ಪು ಹೆಚ್ಚಾದ ಸಾರಿಗೆ ನೀರು ಬೆರೆಸುವುದು ಅವಳಿಗೆ ಗೊತ್ತಿತ್ತು.

ಎರಡನೇ ವರ್ಷ ಏನೂ ಇಲ್ಲ. ಅದರ ಮುಂದಿನ ವರ್ಷ ಅಂಚಿನಲ್ಲಿ ಗರಿಕೆ ಹಬ್ಬಿತು. ಅವಳು ಅದನ್ನು ಕೀಳಲಿಲ್ಲ. ಎಂಬತ್ತಮೂರರಲ್ಲಿ ಅವನ ಕಾಲಿನ ಕಡೆ ರಾಗಿ ಎದ್ದಿತು. ಸಣ್ಣ ಪೈರು, ಬೆರಳಿನಷ್ಟು ತೆನೆ. ಕುಡುಗೋಲು ತಗೊಂಡು ಹೋದವಳು ಕುಯ್ಯಲಾರದೆ ವಾಪಸ್ಸು ಬಂದಳು. ನಾಳೆ ಕುಯ್ಯುತ್ತೇನೆ, ನಾಳೆ ಕುಯ್ಯುತ್ತೇನೆ ಅಂತ ದಿನ ತಳ್ಳಿದಳು. ಗುಬ್ಬಿಗಳು ಬಂದು ತಿಂದು ಹೋದವು. ಚಿಕ್ಕಹನುಮಕ್ಕ ಅವಳನ್ನು ದಡ್ಡಿ ಅಂದಳು. ಗುಬ್ಬಿ ಗೂಡು ಕರಿಯಕ್ಕನ ಮನೆಯ ಸೂರಿನಲ್ಲೇ ಇತ್ತು.

ಎದೆಯ ಕಡೆ ಇನ್ನೂ ಬೆಳ್ಳಗಿದೆ. ಮೂಟೆ ಸುರಿದದ್ದು ಅಲ್ಲೇ.

ಈಗಲೂ ಬೆಳಗ್ಗೆ ಎದ್ದ ಕೂಡಲೇ ಅವಳು ಒಲೆ ಹಚ್ಚುವುದಿಲ್ಲ. ಮೊದಲು ಕೊಟ್ಟಿಗೆ ಗುಡಿಸುತ್ತಾಳೆ. ತಿಪ್ಪೆಯನ್ನು ಕೋಲಿನಿಂದ ನಾಲ್ಕು ಸಲ ಬಡಿದು, ಸ್ವಲ್ಪ ಹೊತ್ತು ನಿಂತು, ಗುದ್ದಲಿಯಲ್ಲಿ ಒಂದು ಬುಟ್ಟಿ ತುಂಬುತ್ತಾಳೆ. ಬುಟ್ಟಿ ತಲೆಯ ಮೇಲೆ, ಬಿಂದಿಗೆ ಸೊಂಟದಲ್ಲಿ. ದಾರಿಯ ನೀರಿನ ಕಟ್ಟೆಯಲ್ಲಿ ಬಿಂದಿಗೆ ಮುಳುಗಿಸಿಕೊಂಡು ಹೊಲಕ್ಕೆ ಹೋಗುತ್ತಾಳೆ. ಎದೆಯ ಕಡೆ ಗೊಬ್ಬರ ಹರಡಿ, ಮೇಲೆ ನಿಧಾನವಾಗಿ ನೀರು ಹುಯ್ಯುತ್ತಾಳೆ. ನೀರು ಇಂಗುವವರೆಗೂ ಕೂತಿರುತ್ತಾಳೆ. ಆಮೇಲೆ ಬೆರಳು ಒತ್ತಿ ಒಂದು ಚೂರು ಮಣ್ಣು ನಾಲಿಗೆಗೆ ಇಟ್ಟು ನೋಡುತ್ತಾಳೆ. ಖಾಲಿ ಬಿಂದಿಗೆ ಎತ್ತಿಕೊಂಡು ಮನೆಗೆ ಬಂದು ಒಲೆ ಹಚ್ಚುತ್ತಾಳೆ, ಪುಳ್ಳೆಯಿಂದ.